ತೆಳು ಬಟ್ಟೆಯಲ್ಲಿ ಹೊಲಿಗೆ ಕೆಟ್ಟಾಗ: ಬೇಸಿಗೆ ಉಡುಪಿನ ದೋಷ ನಿವಾರಣೆ ಕೈಪಿಡಿ

ವಾಯಿಲ್ ಬಟ್ಟೆಯಲ್ಲಿ ನಾನು ಹೊಲಿದ ಮೊದಲ ಟಾಪ್‌ನ ಪಕ್ಕದ ಹೊಲಿಗೆ ಲಾಡಿ ಎಳೆದ ಚೀಲದ ಬಾಯಿಯಂತೆ ಮುದುಡಿಕೊಂಡಿತ್ತು. ತಪ್ಪೆಲ್ಲ ಟೆನ್ಷನ್‌ದೇ ಎಂದುಕೊಂಡು ದಾರದ ಬಿಗಿ ತಿದ್ದುವ ಗುಂಡಿಯನ್ನು 4ರಿಂದ 3ಕ್ಕೆ, 3ರಿಂದ 1ಕ್ಕೆ ಇಳಿಸಿದೆ. ಸುಕ್ಕು ಹಾಗೇ ಇತ್ತು. ಹೊಲಿಗೆ ಮಾತ್ರ ಸಡಿಲಾಗಿ, ಎರಡು ಪದರ ಬಿಡಿಸಿ ಹಿಡಿದರೆ ನಡುವೆ ಏಣಿಯ ಮೆಟ್ಟಿಲಿನಂತೆ ದಾರ ಕಾಣತೊಡಗಿತು. ಸಾಲದ್ದಕ್ಕೆ ಕೆಳಗಿನ ದಾರದ ಉರುಳೆ ಕೂರುವ ಬಾಬಿನ್ ಕೇಸಿನ ತಿರುಪನ್ನೂ ತಿರುಗಿಸಿದೆ. ಆಮೇಲೆ ಆ ಯಂತ್ರ ದಪ್ಪ ಬಟ್ಟೆಯನ್ನೂ ನೆಟ್ಟಗೆ ಹೊಲಿಯದಾಯಿತು. ಕೊನೆಗೆ ಬಿಚ್ಚಿ ನೋಡಿದರೆ ಒಳಗಿದ್ದದ್ದು 16ರ ಸೂಜಿ, ಜೀನ್ಸ್ ಪ್ಯಾಂಟಿನ ಕಾಲು ಮಡಚಿ ಹೊಲಿದ ಮೇಲೆ ಬದಲಿಸಲು ಮರೆತದ್ದು.

ಅಂದಿನಿಂದ ಯಾವ ತಿರುಪು ಮುಟ್ಟುವ ಮೊದಲೂ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ದೋಷ ಮೊದಲು ಕಂಡದ್ದು ಯಾವಾಗ? ಬಟ್ಟೆಯನ್ನು ಒತ್ತಿಹಿಡಿಯುವ ಯಂತ್ರದ ಪಾದದ ಕೆಳಗಿಂದ ಹೊರಬರುವಾಗಲೇ ಕಂಡಿತೇ, ಇಸ್ತ್ರಿ ಹಾಕಿದಾಗಲೇ, ಒಗೆದು ಒಣಗಿಸಿದಾಗಲೇ, ಹಾಕಿಕೊಂಡು ಕೂತು ಎದ್ದಾಗಲೇ? ಹೊಲಿಯುವಾಗಲೇ ಕಂಡದ್ದರ ಮೂಲ ಸೂಜಿ, ದಾರ, ಬಟ್ಟೆ ಸಾಗಿಸುವ ಹಲ್ಲು, ಟೆನ್ಷನ್ ಇವುಗಳಲ್ಲಿದೆ. ಒಗೆದ ಮೇಲೆ ಕಂಡದ್ದಕ್ಕೆ ಹೆಚ್ಚಾಗಿ ಬಟ್ಟೆಯ ಅಥವಾ ದಾರದ ಕುಗ್ಗುವಿಕೆ ಕಾರಣ. ಹಾಕಿಕೊಂಡಾಗ ಕಂಡದ್ದರ ಬೇರು ಕತ್ತರಿಸುವ ಮೇಜಿನ ಮೇಲೇ ಇರುತ್ತದೆ. ಅದಕ್ಕೆ ಯಂತ್ರವನ್ನು ಎಷ್ಟು ತಿದ್ದಿದರೂ ಉಪಯೋಗವಿಲ್ಲ. ಈ ಕೈಪಿಡಿಯೂ ಅದೇ ಕ್ರಮದಲ್ಲಿದೆ.

ಮೊದಲು ಪರೀಕ್ಷೆಯ ಪಟ್ಟಿ

ಉಡುಪಿನ ಮೇಲೆ ಪ್ರಯೋಗ ಬೇಡ. ಅದೇ ಬಟ್ಟೆಯ ಚೂರಿನಿಂದ 5 ಸೆಂ.ಮೀ. ಅಗಲ, 40 ಸೆಂ.ಮೀ. ಉದ್ದದ ಪಟ್ಟಿಗಳನ್ನು ಕತ್ತರಿಸಿಕೊಳ್ಳಿ. ಉದ್ದ ಹಾಸಿನ ಎಳೆಯ ದಿಕ್ಕಿಗೇ, ಅಂದರೆ ಬಟ್ಟೆಯ ನೇಯ್ದ ಅಂಚಾದ ಕರೆಗೆ ಸಮಾನಾಂತರವಾಗಿಯೇ ಇರಲಿ. ಏಕೆಂದರೆ ಸುಕ್ಕು ಅತಿ ಹೆಚ್ಚು ಕಾಣುವುದು ಆ ದಿಕ್ಕಿನಲ್ಲಿ. ಅಡ್ಡಕ್ಕೆ ಕತ್ತರಿಸಿದ ಪಟ್ಟಿಯಲ್ಲಿ ಚೆಂದ ಬಂತು ಎಂದು ಉಡುಪಿಗೆ ಕೈ ಹಾಕಿದವರು ಪಕ್ಕದ ಹೊಲಿಗೆಯಲ್ಲಿ ಸಿಕ್ಕಿಬೀಳುತ್ತಾರೆ. ಮೇಲಿನ ದಾರ ಒಂದು ಬಣ್ಣ, ಬಾಬಿನ್ ದಾರ ಇನ್ನೊಂದು ಬಣ್ಣ ಇರಲಿ. ಯಾವುದು ಯಾವುದನ್ನು ಎಳೆಯುತ್ತಿದೆ ಎಂದು ಕಣ್ಣಿಗೇ ಕಾಣುತ್ತದೆ.

ನಾನು ಶುರು ಮಾಡುವ ಹೊಂದಿಕೆ ಹೀಗೆ. ವಾಯಿಲ್, ಲಾನ್, ಮಲ್‌ಮಲ್‌ಗೆ 60/8 ಅಥವಾ 65/9ರ ಹೊಸ ಸೂಜಿ. ತುಸು ಗಟ್ಟಿಯಾದ ಕೇಂಬ್ರಿಕ್, ತೆಳು ಲಿನನ್, ರೇಯಾನ್‌ಗೆ 70/10. ಮೊದಲ ಅಂಕಿ ಸೂಜಿಯ ದಪ್ಪ, ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ. ಹಾಗಾಗಿ 60ರ ಸೂಜಿ 0.6 ಮಿ.ಮೀ., ನನ್ನ ಜೀನ್ಸ್ ಸೂಜಿ 100/16 ಅಂದರೆ ಪೂರಾ 1 ಮಿ.ಮೀ. ವಾಯಿಲ್‌ನ ಎಳೆಗಳ ನಡುವೆ ಅದು ಮೊಳೆ ಹೊಡೆದಂತೆಯೇ. ದಾರ ಪಾಲಿಯೆಸ್ಟರ್ ಆದರೆ ಟಿಕೆಟ್ ಸಂಖ್ಯೆ 120 ಅಥವಾ ಅದಕ್ಕಿಂತ ಹೆಚ್ಚಿನದು. ಇಲ್ಲಿ ಸಂಖ್ಯೆ ಏರಿದಷ್ಟೂ ದಾರ ಸಣ್ಣ. ಹೊಲಿಗೆಯ ಉದ್ದ 2 ಮಿ.ಮೀ., ಟೆನ್ಷನ್ ಯಂತ್ರದ ಮಾಮೂಲಿ ಅಂಕಿಯಲ್ಲೇ, ಪಾದದ ಒತ್ತಡ ಮಾಮೂಲಿಗಿಂತ ಸ್ವಲ್ಪ ಕಡಿಮೆ.

ಸೂಜಿಗೂ ದಾರಕ್ಕೂ ಹೊಂದುತ್ತದೋ ಇಲ್ಲವೋ ನೋಡಲು ಯಂತ್ರವೇ ಬೇಕಿಲ್ಲ. ಸೂಜಿಯನ್ನು ಕಳಚಿ 30 ಸೆಂ.ಮೀ. ದಾರ ಪೋಣಿಸಿ, ದಾರದ ಎರಡು ತುದಿ ಹಿಡಿದು ಓರೆ ಮಾಡಿ. ಸೂಜಿ ತನ್ನ ಭಾರಕ್ಕೇ ಜಾರಿ ಇಳಿಯಬೇಕು. ತಡೆದು ನಿಂತರೆ ಕಣ್ಣು ಕಿರಿದು ಅಥವಾ ದಾರ ದಪ್ಪ. ಆ ಜೋಡಿಯಲ್ಲಿ ದಾರ ಸವೆದು ತುಂಡಾಗುವುದು ಖಂಡಿತ. ಇನ್ನು ಯಂತ್ರಕ್ಕೆ ಅಂಟಿಕೊಂಡಿರುವ ದಾರ ಪೋಣಿಸುವ ಸಲಕರಣೆ 60ರ ಸೂಜಿಗೆ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಬಲವಂತ ಮಾಡಿದರೆ ಅದರ ಕೊಕ್ಕೆಯೇ ಬಾಗುತ್ತದೆ, ಕೈಯಲ್ಲೇ ಪೋಣಿಸಿ.

ಒಂದು ಸಲಕ್ಕೆ ಒಂದೇ ಬದಲಾವಣೆ. ಸೂಜಿ, ದಾರ, ಟೆನ್ಷನ್ ಮೂರನ್ನೂ ಒಟ್ಟಿಗೆ ಬದಲಿಸಿ ಸರಿಹೋಯಿತೆಂದರೆ ಮುಂದಿನ ಸಲ ಮತ್ತೆ ಮೊದಲಿಂದ ಹುಡುಕಬೇಕಾಗುತ್ತದೆ. ಪ್ರತಿ ಪಟ್ಟಿಯ ಮೇಲೂ ಸೂಜಿ, ದಾರ, ಉದ್ದ, ಟೆನ್ಷನ್ ಬರೆದಿಡಿ. ನನ್ನ ಬಳಿ ಇಂಥ ಪಟ್ಟಿಗಳದ್ದೇ ಒಂದು ಡಬ್ಬಿ ಇದೆ. ಹೊಲಿದ ಉಡುಪುಗಳಿಗಿಂತ ಅದನ್ನೇ ಹೆಚ್ಚು ಜೋಪಾನ ಮಾಡಿದ್ದೇನೆ.

ಹೊಲಿಗೆಯ ಉದ್ದಕ್ಕೂ ಸುಕ್ಕು

ಎಲ್ಲರೂ ಗೋಳಾಡುವ ದೋಷ ಇದು. ನೋಡಲು ಒಂದೇ ಥರ ಕಂಡರೂ ಇದರೊಳಗೆ ಮೂರು ಬೇರೆ ಬೇರೆ ಕಾಯಿಲೆಗಳಿವೆ. ಒಂದಕ್ಕೆ ಕೊಡುವ ಮದ್ದು ಇನ್ನೊಂದನ್ನು ಹೆಚ್ಚಿಸುತ್ತದೆ. ಆದ್ದರಿಂದ ಈ ಪರೀಕ್ಷೆಗಳನ್ನು ಇದೇ ಕ್ರಮದಲ್ಲಿ ಮಾಡಿ.

ಮೊದಲ ಪರೀಕ್ಷೆ: ಒಂದೇ ಉದ್ದದ ಎರಡು ಪಟ್ಟಿಗಳ ತುದಿ ಕೂಡಿಸಿ, ಪಿನ್ ಹಾಕದೆ, ಕೈಯಿಂದ ಎಳೆಯದೆ, ದಾರಿ ಮಾತ್ರ ತೋರಿಸುತ್ತಾ ಕೊನೆಯವರೆಗೆ ಹೊಲಿಯಿರಿ. ಕೊನೆಯಲ್ಲಿ ಮೇಲಿನ ಪದರ ಉಳಿದು ಮುಂದೆ ಚಾಚಿಕೊಂಡಿದ್ದರೆ ದೋಷ ಬಟ್ಟೆ ಸಾಗುವುದರಲ್ಲಿದೆ. ಕೆಳಗಿನ ಹಲ್ಲುಗಳು ತಮಗೆ ತಗಲಿದ ಪದರವನ್ನು ಮುಂದಕ್ಕೆ ದೂಡುತ್ತವೆ, ಪಾದ ಮೇಲಿನ ಪದರವನ್ನು ಹಿಂದಕ್ಕೆ ತಡೆಯುತ್ತದೆ. ಹೀಗಾಗಿ ಅದೇ ಉದ್ದದ ಹೊಲಿಗೆಯೊಳಗೆ ಕೆಳಗಿನ ಪದರ ಹೆಚ್ಚು ಸೇರಿಕೊಂಡು ಮುದುಡುತ್ತದೆ. ತಿರುಗಿಸಿ ನೋಡಿ, ಸುಕ್ಕು ಕೆಳಮುಖದಲ್ಲೇ ಜಾಸ್ತಿ ಇರುತ್ತದೆ.

ಇದಕ್ಕೆ ಪರಿಹಾರ ಪಾದದ ಒತ್ತಡ ಇನ್ನೂ ಇಳಿಸುವುದು. ಒತ್ತಡ ತಿದ್ದುವ ಸೌಕರ್ಯ ಯಂತ್ರದಲ್ಲಿ ಇಲ್ಲದಿದ್ದರೆ, ಪಾದದ ಮುಂದೊಂದು ಕೈ ಹಿಂದೊಂದು ಕೈ ಇಟ್ಟು ಬಟ್ಟೆಯನ್ನು ಎರಡೂ ಕಡೆ ಸಮನಾಗಿ ಬಿಗಿ ಹಿಡಿದು ಹೊಲಿಯಿರಿ. ಬಿಗಿ ಹಿಡಿಯಬೇಕೇ ಹೊರತು ಹಿಂದಕ್ಕೆ ಎಳೆಯಬಾರದು. ಎಳೆದರೆ ಸೂಜಿ ಬಾಗಿ ಕೆಳಗಿನ ಲೋಹದ ತಟ್ಟೆಗೆ ಬಡಿಯುತ್ತದೆ. ಮೇಲಿನ ಪದರವನ್ನೂ ಹಲ್ಲಿನಿಂದ ಸಾಗಿಸುವ ವಾಕಿಂಗ್ ಫೂಟ್ ಇದ್ದರೆ ಅದನ್ನು ಬಳಸಿ. ಇಲ್ಲದವರಿಗೆ ಕೆಳಗೊಂದು ತೆಳು ಟಿಶ್ಯೂ ಕಾಗದ ಸಾಕು, ಹಲ್ಲು ಅದನ್ನು ಕಚ್ಚುತ್ತದೆ, ಬಟ್ಟೆ ಬದುಕುತ್ತದೆ. ಹೊಲಿದ ಮೇಲೆ ಕಾಗದವನ್ನು ಹೊಲಿಗೆಯ ಕಡೆಗೆ ಮಡಚಿ ಮೆಲ್ಲನೆ ಹರಿಯಿರಿ; ಜಗ್ಗಿ ಹರಿದರೆ ಹೊಲಿಗೆಯೂ ಹಿಗ್ಗುತ್ತದೆ. ಎರಡು ಪದರಗಳಲ್ಲಿ ಒಂದು ಓರೆಯಾಗಿ ಕತ್ತರಿಸಿದ್ದಾದರೆ ಅಥವಾ ಕೂದಲೆಳೆಯಷ್ಟು ಉದ್ದವಿದ್ದರೆ ಅದನ್ನು ಕೆಳಗಿಡಿ. ಹಲ್ಲಿನ ಈ ದುರ್ಗುಣವೇ ಅಲ್ಲಿ ಉಪಕಾರಕ್ಕೆ ಬಂದು ಹೆಚ್ಚುವರಿಯನ್ನು ನುಂಗುತ್ತದೆ.

ಎರಡು ಪದರ ಸಮನಾಗಿ ಮುಗಿದೂ ಸುಕ್ಕಿದ್ದರೆ ಎರಡನೇ ಪರೀಕ್ಷೆ. ಒಂಟಿ ಪದರದ ಮೇಲೆ ಹೊಲಿಯಿರಿ. ಇಲ್ಲಿ ಪದರಗಳ ಜಗಳ ಇಲ್ಲ, ಹಾಗಾಗಿ ಉಳಿದ ಸುಕ್ಕೆಲ್ಲ ದಾರದ್ದು. ಈಗ ಸಣ್ಣ ಕತ್ತರಿಯ ತುದಿಯಿಂದ ಮೇಲಿನ ದಾರವನ್ನೂ ಬಾಬಿನ್ ದಾರವನ್ನೂ ಪ್ರತಿ 2-3 ಸೆಂ.ಮೀ.ಗೆ ಒಮ್ಮೆ ಕತ್ತರಿಸಿ, ಪಟ್ಟಿಯನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಸವರಿ. ಬಟ್ಟೆ ನಿಟ್ಟುಸಿರು ಬಿಟ್ಟಂತೆ ಮಲಗಿತೆಂದರೆ ದಾರ ಬಿಗಿಯಾಗಿತ್ತು, ದೋಷ ಟೆನ್ಷನ್‌ದೇ. ಕತ್ತರಿಸಿದ ಮೇಲೂ ಸುಕ್ಕು ಹಾಗೇ ನಿಂತರೆ ಟೆನ್ಷನ್ ಗುಂಡಿಗೆ ಕೈ ಹಚ್ಚಬೇಡಿ.

ಟೆನ್ಷನ್ ಎಂದು ಖಚಿತವಾದಾಗಲೂ ಮೊದಲು ಬಾಬಿನ್ ನೋಡಿ. ಪಾಲಿಯೆಸ್ಟರ್ ದಾರ ಹಿಗ್ಗುವ ಜಾತಿಯದು. ಯಂತ್ರವನ್ನು ಭರ್ರನೆ ಓಡಿಸಿ ಬಾಬಿನ್ ಸುತ್ತಿದರೆ ದಾರ ಹಿಗ್ಗಿದ ಸ್ಥಿತಿಯಲ್ಲೇ ಸುತ್ತಿಕೊಂಡು, ಹೊಲಿಗೆಗೆ ಇಳಿದ ಮೇಲೆ ತನ್ನ ಮೊದಲ ಉದ್ದಕ್ಕೆ ಮರಳುತ್ತದೆ, ಜೊತೆಗೆ ಬಟ್ಟೆಯನ್ನೂ ಎಳೆದುಕೊಳ್ಳುತ್ತದೆ. ನಿಧಾನವಾಗಿ ಸುತ್ತಿದ ಹೊಸ ಬಾಬಿನ್ ಹಾಕಿ ಇನ್ನೊಂದು ಪಟ್ಟಿ ಹೊಲಿದು ನೋಡಿ. ಎಷ್ಟೋ ಸಲ ಇಷ್ಟಕ್ಕೇ ಕೆಲಸ ಮುಗಿಯುತ್ತದೆ. ಮುಗಿಯದಿದ್ದರೆ ಬಾಬಿನ್ ಕೇಸನ್ನು ದಾರದಿಂದ ತೂಗುಹಾಕಿ. ತನ್ನಷ್ಟಕ್ಕೆ ಇಳಿಯದೆ ನಿಂತು, ಕೈ ಒಮ್ಮೆ ಮೆಲ್ಲನೆ ಕುಲುಕಿದರೆ ಕೆಲವು ಸೆಂ.ಮೀ. ಇಳಿದು ನಿಲ್ಲಬೇಕು. ಕುಲುಕಿದರೂ ಇಳಿಯದಿದ್ದರೆ ತಿರುಪನ್ನು ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ಕಾಲು ಸುತ್ತಿಗಿಂತಲೂ ಕಡಿಮೆ ಸಡಿಲಿಸಿ, ಮತ್ತೆ ತೂಗುಹಾಕಿ. ಮೊದಲು ಇದ್ದ ಸ್ಥಾನವನ್ನು ಪೆನ್ನಿನಿಂದ ಗುರುತು ಹಾಕಿಕೊಳ್ಳಿ. ನಾನು ಹಾಕಿಕೊಳ್ಳದೆ ಪಟ್ಟ ಪಾಡು ಮೇಲೆ ಹೇಳಿದ್ದೇನೆ. ಕೆಳಗಿನದು ಸರಿಯಾದ ಮೇಲೆ ಮೇಲಿನದು: ಮೇಲ್ಮುಖದಲ್ಲಿ ಬಾಬಿನ್ ದಾರದ ಚುಕ್ಕೆ ಕಂಡರೆ ಮೇಲಿನ ಟೆನ್ಷನ್ ಇಳಿಸಿ, ಕೆಳಮುಖದಲ್ಲಿ ಮೇಲಿನ ದಾರ ಕಂಡರೆ ಏರಿಸಿ.

ಇನ್ನು ದಾರ ಕತ್ತರಿಸಿದರೂ ಹೋಗದ ಸುಕ್ಕು. ಇದರ ಮೂಲ ನೇಯ್ಗೆಯಲ್ಲಿದೆ. ಲಾನ್‌ನಂಥ ಬಟ್ಟೆಯಲ್ಲಿ ಎಳೆಗಳು ಸಣ್ಣವು, ಒತ್ತೊತ್ತಾಗಿ ಕೂತಿರುವಂಥವು. ಅವುಗಳ ನಡುವೆ ಹೊಲಿಗೆ ದಾರಕ್ಕೆ ಜಾಗವೇ ಇಲ್ಲ. ದಾರ ನುಗ್ಗಿದಾಗ ಪಕ್ಕದ ಎಳೆಗಳು ಸರಿದು ಡೊಂಕಾಗುತ್ತವೆ, ಡೊಂಕಾದ ಎಳೆ ಬಟ್ಟೆಯನ್ನು ಅಲೆಯಂತೆ ಎಬ್ಬಿಸುತ್ತದೆ. ತುಂಬಿದ ಬೆಂಚಿನಲ್ಲಿ ಇನ್ನೊಬ್ಬರು ಬಂದು ಕೂತ ಹಾಗೆ. ಇಲ್ಲಿ ಟೆನ್ಷನ್ ಸೊನ್ನೆಗೆ ಇಳಿಸಿದರೂ ಸುಕ್ಕು ಇಳಿಯದು. ಬೇಕಾದದ್ದು ಇನ್ನೂ ಸಣ್ಣ ದಾರ, ಇನ್ನೂ ಸಣ್ಣ ಸೂಜಿ. ಹೊಲಿಗೆಯ ಉದ್ದವನ್ನು 2ರಿಂದ 2.5ಕ್ಕೆ ಏರಿಸಿದರೆ ಪ್ರತಿ ಸೆಂ.ಮೀ.ಗೆ 5 ಕಡೆ ನುಗ್ಗುತ್ತಿದ್ದ ದಾರ 4 ಕಡೆ ನುಗ್ಗುತ್ತದೆ, ಅಷ್ಟರಮಟ್ಟಿಗೆ ನೆಮ್ಮದಿ. ತೆಳು ಬಟ್ಟೆಗೆ ಹೊಲಿಗೆ ಪುಟ್ಟದಾಗಿರಬೇಕು ಎಂಬ ಮಾತನ್ನು ಮಂತ್ರದಂತೆ ಹಿಡಿದವರು ಲಾನ್‌ನಲ್ಲಿ ಸೋಲುವುದು ಇಲ್ಲೇ.

ಇನ್ನೊಂದು ದಾರಿ ಕತ್ತರಿಸುವ ಹಂತದ್ದು. ಹಾಸಿನ ಎಳೆಗೆ ನೇರ ಸಮಾನಾಂತರವಾದ ಹೊಲಿಗೆಯಲ್ಲಿ ದಾರ ಉದ್ದಕ್ಕೂ ಅದೇ ಎರಡು ಎಳೆಗಳ ನಡುವೆ ತುರುಕಿಕೊಳ್ಳುತ್ತದೆ. ಗೆರೆ ಸ್ವಲ್ಪ ಓರೆಯಾದರೆ ಬೇರೆ ಬೇರೆ ಎಳೆಗಳ ನಡುವೆ ಹಂಚಿಹೋಗುತ್ತದೆ. ಕೆಳಕ್ಕೆ ಅಗಲವಾಗುವ ಫ್ರಾಕಿನ ಪಕ್ಕದ ಹೊಲಿಗೆ ಅಚ್ಚುಕಟ್ಟಾಗಿ ಬಂದು, ನೆಟ್ಟನೆಯ ಅಂಗಿಯದ್ದು ಸುಕ್ಕಾಗುವುದು ಇದೇ ಕಾರಣಕ್ಕೆ. ಪರೀಕ್ಷಿಸಬೇಕೆಂದರೆ ಒಂದು ಪಟ್ಟಿಯನ್ನು 15 ಡಿಗ್ರಿಯಷ್ಟು ಓರೆಗೆ ಕತ್ತರಿಸಿ ಹೊಲಿದು, ನೇರ ಪಟ್ಟಿಯ ಪಕ್ಕದಲ್ಲಿಡಿ.

ಶುರುವಿನಲ್ಲೇ ಬಟ್ಟೆ ಒಳಕ್ಕೆ ಹೋದರೆ

ಮೊದಲ ಎರಡು ಹೊಲಿಗೆಗೇ ಬಟ್ಟೆಯ ಮೂಲೆ ತಟ್ಟೆಯ ತೂತಿನೊಳಗೆ ಇಳಿದು ಸಿಕ್ಕಿಕೊಳ್ಳುತ್ತದೆ. ಜಿಗ್‌ಜ್ಯಾಗ್ ಯಂತ್ರದ ತಟ್ಟೆಯಲ್ಲಿ ತೂತು ಅಡ್ಡಕ್ಕೆ ಅಗಲವಾಗಿರುವುದು ಕಾರಣ. ಸೂಜಿ ಮೃದು ಬಟ್ಟೆಯನ್ನು ಚುಚ್ಚುವ ಬದಲು ತನ್ನ ಜೊತೆ ಒಳಕ್ಕೆ ನೂಕುತ್ತದೆ. ಒಂದೇ ದುಂಡು ತೂತಿನ ನೇರ ಹೊಲಿಗೆಯ ತಟ್ಟೆ ಸಿಕ್ಕರೆ ಹಾಕಿಕೊಳ್ಳಿ, ಆದರೆ ಆಮೇಲೆ ಮರೆತು ಜಿಗ್‌ಜ್ಯಾಗ್ ತಿರುಗಿಸಿದರೆ ಸೂಜಿ ಮುರಿಯುತ್ತದೆ. ಅದಿಲ್ಲದಿದ್ದರೆ ಬೇರೊಂದು ಚೂರು ಬಟ್ಟೆಯ ಮೇಲೆ ಹೊಲಿಗೆ ಶುರುಮಾಡಿ, ಅದರ ಬೆನ್ನಿಗೇ ಉಡುಪಿನ ಅಂಚನ್ನು ತಾಗಿಸಿ ಹೊಲಿಯುತ್ತಾ ಹೋಗಿ. ಎರಡೂ ದಾರದ ತುದಿಗಳನ್ನು ಹಿಂದಕ್ಕೆ ಹಿಡಿದುಕೊಂಡಿರಿ. ಹಿಂದೆ ಮುಂದೆ ಹೊಲಿದು ಗಟ್ಟಿ ಮಾಡುವ ಅಭ್ಯಾಸ ಇಲ್ಲಿ ಬೇಡ. ತುದಿ ಉದ್ದ ಬಿಟ್ಟು ಕೈಯಲ್ಲಿ ಗಂಟು ಹಾಕಿದರೆ ಮುದ್ದೆಯಾಗುವುದಿಲ್ಲ.

ಬಟ್ಟೆಯ ಕೆಳಗೆ ದಾರದ ಗೂಡು ಕಟ್ಟಿದರೆ ಎಲ್ಲರೂ ಬಾಬಿನ್‌ಗೆ ಬಯ್ಯುತ್ತಾರೆ. ನಿಜದಲ್ಲಿ ಹೆಚ್ಚಿನ ಸಲ ಮೇಲಿನ ದಾರ ಟೆನ್ಷನ್ ತಟ್ಟೆಗಳ ನಡುವೆ ಕೂತಿರುವುದಿಲ್ಲ. ಪಾದ ಇಳಿಸಿಟ್ಟು ದಾರ ಪೋಣಿಸಿದರೆ ಆ ತಟ್ಟೆಗಳು ಮುಚ್ಚಿಕೊಂಡಿದ್ದು ದಾರ ಹೊರಗೇ ಉಳಿಯುತ್ತದೆ. ಪಾದ ಎತ್ತಿ, ಪೂರ್ತಿ ಬಿಚ್ಚಿ, ಮತ್ತೆ ಪೋಣಿಸಿ.

ಹೊಲಿಗೆ ತಪ್ಪುವುದು, ಎಳೆ ಕೀಳುವುದು

ಸೂಜಿ ಕೆಳಮಟ್ಟ ಮುಟ್ಟಿ ಮೇಲೇಳಲು ತೊಡಗಿದಾಗ ಅದರ ಹಿಂದೆ ದಾರದ ಒಂದು ಪುಟ್ಟ ಕುಣಿಕೆ ಮೂಡುತ್ತದೆ, ಅದನ್ನು ಕೆಳಗಿನ ಕೊಕ್ಕೆ ಹಿಡಿದರೆ ಮಾತ್ರ ಹೊಲಿಗೆ ಬೀಳುತ್ತದೆ. ತೆಳು ಬಟ್ಟೆ ಸೂಜಿಗೆ ಅಂಟಿಕೊಂಡು ತಾನೂ ಮೇಲೇಳುತ್ತದೆ. ಆಗ ಕುಣಿಕೆ ಮೂಡದೆ ಕೊಕ್ಕೆ ಬರಿಗೈಯಲ್ಲಿ ಸುತ್ತುತ್ತದೆ. ಕೈಚಕ್ರವನ್ನು ನಿಧಾನ ತಿರುಗಿಸುತ್ತಾ ಬಟ್ಟೆಯನ್ನೇ ಗಮನಿಸಿದರೆ ಅದು ಡೇರೆಯಂತೆ ಏಳುವುದು ಕಾಣುತ್ತದೆ. ಪಾದದ ಒತ್ತಡವನ್ನು ಸುಕ್ಕಿನ ಭಯಕ್ಕೆ ತೀರಾ ಇಳಿಸಿದ್ದರೂ ಹೀಗಾಗುತ್ತದೆ, ಅರ್ಧ ಸುತ್ತು ವಾಪಸು ಏರಿಸಿ. ಬಟ್ಟೆಗೆ ಲಘುವಾಗಿ ಗಂಜಿ ಹಾಕಿ ಇಸ್ತ್ರಿ ಮಾಡಿದರೆ ಅದು ಕಾಗದದಂತೆ ನಿಂತು ಸೂಜಿಯನ್ನು ಬಿಟ್ಟುಕೊಡುತ್ತದೆ. ಹೊಸ ಸೂಜಿ ಹಾಕಿದ ಕೂಡಲೇ ಶುರುವಾದ ತಪ್ಪಾದರೆ ಸೂಜಿ ಪೂರ್ತಿ ಮೇಲಕ್ಕೆ ತಗಲಿಲ್ಲ ಅಥವಾ ಚಪ್ಪಟೆ ಬದಿ ತಿರುಗಿದೆ.

ಹೊಲಿಗೆಯಿಂದ ಎರಡೂ ಪಕ್ಕಕ್ಕೆ ಅಡ್ಡ ಗೆರೆಗಳು ಓಡಿದ್ದರೆ ಮೊಂಡಾದ ಸೂಜಿ ಹೊಕ್ಕಿನ (ಅಡ್ಡ) ಎಳೆಯನ್ನು ಸರಿಸಿ ನುಗ್ಗುವ ಬದಲು ಎಳೆದುಕೊಂಡು ಹೋಗಿದೆ. ಸೂಜಿಯ ತುದಿಯನ್ನು ತೆಳು ನೈಲಾನ್ ಕಾಲುಚೀಲದ ಮೇಲೆ ಎಳೆದು ನೋಡಿ, ತಡೆದರೆ ಎಸೆಯಿರಿ. ಸುಮಾರು 8 ಗಂಟೆ ಹೊಲಿದ ಮೇಲೆ ಸೂಜಿ ಬದಲಿಸಿ ಎನ್ನುವುದು ಬಳಕೆಯಲ್ಲಿರುವ ಲೆಕ್ಕ. ತೆಳು ಬಟ್ಟೆಗೆ ನಾನು ಅಷ್ಟೂ ಕಾಯುವುದಿಲ್ಲ, ಪ್ರತಿ ಉಡುಪಿಗೆ ಒಂದು. ನಿಟ್ ಬಟ್ಟೆಗೆಂದು ಮಾಡಿದ ದುಂಡು ತುದಿಯ ಸೂಜಿ ಇಲ್ಲಿ ಸಲ್ಲ, ಮೈಕ್ರೋಟೆಕ್ಸ್ ಎಂದು ಬರೆದ ಚೂಪು ಸೂಜಿಯೇ ಬೇಕು. ಹೊಸ ಸೂಜಿಯಲ್ಲೂ ಎಳೆ ಕಿತ್ತರೆ ಪಾದದ ಅಡಿ ಮತ್ತು ತಟ್ಟೆಯ ತೂತಿನ ಸುತ್ತ ಹತ್ತಿಯ ಉಂಡೆಯೊಂದನ್ನು ಉಜ್ಜಿ. ಹಿಂದೆ ಯಾವಾಗಲೋ ಮುರಿದ ಸೂಜಿ ಗೀರಿದ ಜಾಗದಲ್ಲಿ ಹತ್ತಿ ಸಿಕ್ಕಿಕೊಳ್ಳುತ್ತದೆ. ಪಿನ್ನುಗಳೂ ಇದೇ ಅಪರಾಧ ಮಾಡುತ್ತವೆ, ಅದಕ್ಕೇ ಅವನ್ನು ಹೊಲಿಗೆಯಾಚೆ ಉಳಿಯುವ ಅಂಚು, ಅಂದರೆ ಮಾರ್ಜಿನ್‌ನೊಳಗೇ ಚುಚ್ಚುವುದು.

ಒಗೆದ ಮೇಲೆ ಕಂಡ ದೋಷ

ಹೊಲಿದಾಗ ಚೆನ್ನಾಗಿತ್ತು, ಒಗೆದ ಮೇಲೆ ಕೆಟ್ಟಿತು ಎಂದರೆ ಸುಕ್ಕು ಎಲ್ಲೆಲ್ಲಿದೆ ಎಂದು ನೋಡಿ. ಎಲ್ಲ ಉದ್ದುದ್ದ ಹೊಲಿಗೆಗಳೂ ಎಳೆದುಕೊಂಡಿದ್ದರೆ, ಬಿಗಿಯಾಗಿದ್ದ ದಾರವನ್ನು ಇಸ್ತ್ರಿ ತಾತ್ಕಾಲಿಕವಾಗಿ ಮುಚ್ಚಿಟ್ಟಿತ್ತು, ನೀರು ಬಯಲು ಮಾಡಿತು. ಅಥವಾ ಹತ್ತಿಯ ದಾರ ಬಟ್ಟೆಗಿಂತ ಹೆಚ್ಚು ಕುಗ್ಗಿತು. ಜಿಪ್, ಲೇಸು, ಕಾಲರ್ ಇರುವಲ್ಲಿ ಮಾತ್ರ ಸುಕ್ಕಿದ್ದರೆ ಅವೂ ಬಟ್ಟೆಯೂ ಬೇರೆ ಬೇರೆ ಅಳತೆಗೆ ಕುಗ್ಗಿವೆ. ಹೊಲಿಗೆ ನೆಟ್ಟಗಿದ್ದು ಉಡುಪೇ ಗಿಡ್ಡವಾಗಿದ್ದರೆ, ಬಟ್ಟೆಯನ್ನು ಒಗೆಯದೆ ಕತ್ತರಿಸಿದ್ದೀರಿ, ಅದಕ್ಕೀಗ ಮದ್ದಿಲ್ಲ. ಕೆಳಗೆ ಪಟ್ಟಿ ಸೇರಿಸಿ, ಇಲ್ಲವೇ ಅಳತೆ ಕಿರಿದಾದವರಿಗೆ ಕೊಡಿ.

ಮುಂದಿನ ಬಟ್ಟೆಗಾದರೂ ಕತ್ತರಿಸುವ ಮೊದಲು 50 ಸೆಂ.ಮೀ. ಚೌಕವನ್ನು ಬಣ್ಣದ ದಾರದಲ್ಲಿ ಟಾಕು ಹಾಕಿ ಗುರುತಿಸಿ, ಉಡುಪನ್ನು ಹೇಗೆ ಒಗೆಯುತ್ತೀರೋ ಹಾಗೆಯೇ ಇಡೀ ಬಟ್ಟೆಯನ್ನು ಒಗೆದು ಒಣಗಿಸಿ ಅಳೆಯಿರಿ. 50 ಇದ್ದದ್ದು 48 ಆದರೆ 4% ಕುಗ್ಗಿದೆ. 1 ಮೀಟರ್ ಉದ್ದದ ಉಡುಪಿನಲ್ಲಿ ಅದು 4 ಸೆಂ.ಮೀ. ಸಾಮಾನ್ಯವಾಗಿ ಹಾಸಿನ ದಿಕ್ಕಿನಲ್ಲೇ ಹೆಚ್ಚು ಕುಗ್ಗುತ್ತದೆ, ಏಕೆಂದರೆ ಮಗ್ಗದಲ್ಲಿ ಆ ಎಳೆಗಳನ್ನೇ ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ. ಸಡಿಲ ನೇಯ್ಗೆಯ ಎರಡು ಪದರದ ಗಾಜ್ (gauze) ಬಟ್ಟೆ ಕುಗ್ಗುವುದರಲ್ಲಿ ಎಲ್ಲರನ್ನೂ ಮೀರಿಸುತ್ತದೆ. ರೇಯಾನ್ ವಿಚಾರ ಬೇರೆ: ಹತ್ತಿ, ಲಿನನ್ ನೆನೆದಾಗ ಗಟ್ಟಿಯಾಗುತ್ತವೆ, ರೇಯಾನ್ ನೆನೆದಾಗ ಅರ್ಧದಷ್ಟು ಬಲ ಕಳೆದುಕೊಳ್ಳುತ್ತದೆ. ಹಿಂಡಬೇಡಿ, ಹಸಿಯಾಗಿ ತೂಗುಹಾಕಬೇಡಿ. ತನ್ನ ಭಾರಕ್ಕೇ ಜೋತು ಉದ್ದವಾಗುತ್ತದೆ. ಹಾಸಿ ಒಣಗಿಸಿ.

ಕೊರಳ ಪಟ್ಟಿಯ ಮೇಲೆ ಗುಳ್ಳೆಗಳೆದ್ದರೆ ಅಥವಾ ಅಂಟಿನ ಚುಕ್ಕಿಗಳು ಮೇಲಕ್ಕೆ ಕಂಡರೆ ಅದು ಇಸ್ತ್ರಿಯಿಂದ ಅಂಟಿಸುವ ಕ್ಯಾನ್ವಾಸಿನ ದೋಷ. ಅಷ್ಟು ತೆಳು ಬಟ್ಟೆಗೆ ಅಂಟಿನ ಕ್ಯಾನ್ವಾಸ್ ನನಗೆ ಸರಿಬಂದದ್ದೇ ಇಲ್ಲ. ಅದೇ ಬಟ್ಟೆಯ ಇನ್ನೊಂದು ಪದರವನ್ನೋ ಆರ್ಗನ್ಜಾವನ್ನೋ ಒಳಗೆ ಕಚ್ಚಾ ಹೊಲಿಗೆಯಲ್ಲಿ ಸೇರಿಸುತ್ತೇನೆ. ಕೊರಳಿಗೆ ಫೇಸಿಂಗ್ (ಒಳಗೆ ಮಡಚುವ ಪಟ್ಟಿ) ಇಟ್ಟರೆ ಅದರ ಆಕಾರ ಹೊರಗೆ ನೆರಳಿನಂತೆ ಕಾಣುತ್ತದೆ. ಓರೆಗೆ ಕತ್ತರಿಸಿದ ಕ್ರಾಸ್ ಪಟ್ಟಿಯ ಪೈಪಿಂಗ್ ಮೇಲು.

ಹಾಕಿಕೊಂಡಾಗ ಕಂಡ ದೋಷ

ಹಾಕಿಕೊಂಡು ನಾಲ್ಕು ದಿನವಾಗಿಲ್ಲ, ಸೊಂಟದ ಕೆಳಗೆ ಅಥವಾ ಬೆನ್ನ ಕಡೆಯ ತೋಳಸಂದಿನಲ್ಲಿ ಹೊಲಿಗೆ ಬಿಟ್ಟಿದೆ. ಅವಸರದಲ್ಲಿ ಅದರ ಮೇಲೇ ಇನ್ನೊಂದು ಹೊಲಿಗೆ ಓಡಿಸುವ ಮೊದಲು ಬೆಳಕಿಗೆ ಹಿಡಿದು ನೋಡಿ. ದಾರ ತುಂಡಾಗಿದ್ದರೆ ಅದು ದಾರದ ಸೋಲು, ಹೊಸದಾಗಿ ಹೊಲಿದರೆ ಮುಗಿಯಿತು. ದಾರ ಗಟ್ಟಿಯಾಗೇ ಇದ್ದು ಪಕ್ಕದಲ್ಲಿ ಬಟ್ಟೆಯೇ ಜರಡಿಯಂತೆ ಬಿಟ್ಟುಕೊಂಡಿದ್ದರೆ, ಹೊಲಿಗೆಗೆ ಸಮಾನಾಂತರವಾದ ಎಳೆಗಳು ಅಡ್ಡ ಎಳೆಗಳ ಮೇಲೆ ಜಾರಿ ಸರಿದಿವೆ. ನುಣುಪಾದ ಎಳೆಯ ರೇಯಾನ್, ಜಾರ್ಜೆಟ್, ಸಡಿಲ ನೇಯ್ಗೆಯ ಮಲ್‌ಮಲ್ ಇದಕ್ಕೆ ಹೆಸರುವಾಸಿ. ಅದರ ಮೇಲೆ ಎಷ್ಟು ಸಲ ಹೊಲಿದರೂ ಜಾರುವ ಎಳೆಗಳಿಗೇ ಕಟ್ಟು ಹಾಕಿದಂತೆ.

ನಿಜವಾದ ಕಾರಣ ಉಡುಪಿನ ಬಿಗಿ. ತೆಳು ಬಟ್ಟೆ ಮೈಗೆ ಅಂಟಿದಂತಿರಬಾರದು. ಗಟ್ಟಿ ಬಟ್ಟೆಯಲ್ಲಿ ಸರಿಹೋಗುವ ಅಳತೆಯನ್ನೇ ವಾಯಿಲ್‌ಗೆ ಹಾಕಿದರೆ ಕೂತಾಗ ಬೀಳುವ ಎಳೆತ ಪೂರಾ ಹೊಲಿಗೆಯ ಮೇಲೆ ಬೀಳುತ್ತದೆ. ಕತ್ತರಿಸುವ ಮೊದಲೇ ತಿಳಿಯಲು, ಎರಡು ಚೂರು ಕೂಡಿಸಿ ಹೊಲಿದು ಹೊಲಿಗೆಯ ಎರಡೂ ಬದಿಯನ್ನು ಹೆಬ್ಬೆರಳು ತೋರುಬೆರಳಿನಲ್ಲಿ ಹಿಡಿದು ಗಟ್ಟಿಯಾಗಿ ಎಳೆಯಿರಿ. ಬಿಟ್ಟಾಗ ಸಂದು ಮುಚ್ಚಿಕೊಳ್ಳದಿದ್ದರೆ ಆ ಬಟ್ಟೆಗೆ ಸಡಿಲ ವಿನ್ಯಾಸವೇ ಗತಿ. ಮಾರ್ಜಿನ್ 1.5 ಸೆಂ.ಮೀ.ಗಿಂತ ಕಡಿಮೆ ಬೇಡ, ಕಚ್ಚಾ ಅಂಚನ್ನು ಒಳಗೆ ಮುಚ್ಚುವ ಫ್ರೆಂಚ್ ಹೊಲಿಗೆಯೋ ಮಡಚಿ ಕೂರಿಸುವ ಹೊಲಿಗೆಯೋ ಇರಲಿ. ಈಗಾಗಲೇ ಜಾರಿದ್ದಕ್ಕೆ ಹೊಲಿಗೆ ಬಿಚ್ಚಿ, ತೆಳು ಹತ್ತಿ ಟೇಪನ್ನು ಗೆರೆಯ ಮೇಲಿಟ್ಟು, ಜಾರಿದ ಜಾಗದಿಂದ 3-4 ಮಿ.ಮೀ. ಒಳಕ್ಕೆ ಹೊಲಿಯಬೇಕು. ಹಾಗೆ ಮಾಡಿದರೆ ಉಡುಪು ಇನ್ನೂ ಬಿಗಿಯಾಗುತ್ತದೆ. ಆದ್ದರಿಂದ ಪಕ್ಕಕ್ಕೆ ಉದ್ದನೆಯ ಪಟ್ಟಿಯೊಂದನ್ನು ಕೂಡಿಸದೆ ಉಳಿಗಾಲವಿಲ್ಲ.

ಫ್ರೆಂಚ್ ಹೊಲಿಗೆಯ ಹೊರಮುಖದಲ್ಲಿ ಎಳೆಯ ಮೀಸೆ ಇಣುಕಿದರೆ ಮೊದಲ ಹೊಲಿಗೆಯ ನಂತರ ಮಾರ್ಜಿನ್ ಕತ್ತರಿಸಿದ್ದು ಸಾಲದು. 1.5 ಸೆಂ.ಮೀ. ಮಾರ್ಜಿನ್‌ನಲ್ಲಿ ಸುಲ್ಟಾ (ಹಾಕಿಕೊಂಡಾಗ ಕಾಣುವ) ಮುಖ ಹೊರಗಿಟ್ಟು 6 ಮಿ.ಮೀ.ಗೆ ಮೊದಲ ಹೊಲಿಗೆ, ಅದನ್ನು 3 ಮಿ.ಮೀ.ಗೆ ಕತ್ತರಿಸಿ, ಇಸ್ತ್ರಿ ಹಾಕಿ ತಿರುವಿ, 9 ಮಿ.ಮೀ.ಗೆ ಎರಡನೆಯದು. ಮೀಸೆಯನ್ನು ಹೊರಗಿಂದ ಕತ್ತರಿಸಿದರೆ ನಾಳೆ ಇನ್ನೊಂದು ಬರುತ್ತದೆ.

ಕೊರಳು ಎದೆಯಿಂದ ಎದ್ದು ಬಾಯಿ ಬಿಟ್ಟರೆ, ಕಾಗದದ ನಮೂನೆಯನ್ನು ಅದರ ಮೇಲಿಟ್ಟು ಹೋಲಿಸಿ. ಉಡುಪಿನದು ದೊಡ್ಡದಿದ್ದರೆ ಹೊಲಿಯುವ ಮುನ್ನ ಕೈಯಾಡಿಸಿಯೇ ಹಿಗ್ಗಿಸಿದ್ದೀರಿ. ಕೊರಳಿನ ತಿರುವಿನಲ್ಲಿ ಬಟ್ಟೆ ಓರೆಯಾಗಿರುವುದರಿಂದ ಎತ್ತಿ ಇಡುವಷ್ಟರಲ್ಲೇ ಅದು ಹಿಗ್ಗುತ್ತದೆ. ಒಂದು ಸಾಲು ಉದ್ದ ಹೊಲಿಗೆ ಹಾಕಿ, ದಾರ ಮೆಲ್ಲಗೆ ಎಳೆದು ನಮೂನೆಯ ಅಳತೆಗೆ ತಂದು, ಆವಿ ಕೊಟ್ಟರೆ ಸ್ವಲ್ಪ ಮಟ್ಟಿಗೆ ಒಳಸೇರುತ್ತದೆ. ಮುಂದಿನ ಸಲ ಕತ್ತರಿ ಕೆಳಗಿಟ್ಟ ತಕ್ಷಣ, ಹೊಲಿಗೆ ಗೆರೆಗಿಂತ 3 ಮಿ.ಮೀ. ಹೊರಗೆ, ಎರಡೂ ಭುಜದಿಂದ ಮಧ್ಯಕ್ಕೆ ಒಂದೊಂದು ಸಾಲು ಹೊಲಿದುಬಿಡಿ.

ಕೆಳ ಅಂಚು ಒಂದೆಡೆ ಏರಿ ಒಂದೆಡೆ ಇಳಿದಿದ್ದರೆ ಓರೆಯ ಭಾಗ ಜೋತಿದೆ. ಪೂರ್ಣ ವೃತ್ತದ ಸ್ಕರ್ಟ್‌ನಲ್ಲಿ ನಾಲ್ಕು ಕಡೆ ಓರೆ ಬೀಳುತ್ತದೆ, ನಾಲ್ಕು ಕಡೆಯೂ ಇಳಿಯುತ್ತದೆ. ಮಡಚುವ ಮೊದಲು 24 ಗಂಟೆ ತೂಗುಹಾಕಿ, ಹಾಕಿಕೊಂಡು ನಿಂತು, ನೆಲದಿಂದ ಮೇಲಕ್ಕೆ ಅಳೆದು ಗೆರೆ ಹಾಕಬೇಕಿತ್ತು. ಈಗಲೂ ತಡವಾಗಿಲ್ಲ, ಅಂಚು ಬಿಚ್ಚಿ ಹಾಗೆಯೇ ಮಾಡಿ. ಅಂಚು ಹಗ್ಗದಂತೆ ತಿರುಚಿಕೊಂಡರೆ ಮಡಿಕೆಯ ಮೇಲಿನ ಪದರ ಜರುಗಿದೆ. ಅದಕ್ಕೆ ಕಚ್ಚಾ ಅಂಚಿನಿಂದ 6 ಮಿ.ಮೀ.ಗೆ ಒಂದು ಸಾಲು ಹೊಲಿದು, ಆ ಸಾಲಿನ ಮೇಲೇ ಮಡಚಿ ಇಸ್ತ್ರಿ ಹಾಕಿ, ಮಡಿಕೆಯ ತುದಿಗೆ ಹೊಲಿದು, ಉಳಿದದ್ದನ್ನು ಹೊಲಿಗೆಯ ಪಕ್ಕಕ್ಕೇ ಕತ್ತರಿಸಿ, ಮತ್ತೊಮ್ಮೆ ಮಡಚಿ ಹೊಲಿಯುವುದು ನಿಧಾನದ ದಾರಿ, ಆದರೆ ತಿರುಚುವುದಿಲ್ಲ.

ಪಕ್ಕದ ಹೊಲಿಗೆ ಸುತ್ತಿ ಮುಂದಕ್ಕೆ ಬಂದಿದ್ದರೆ ಬಟ್ಟೆಯ ಹಾಸು ಹೊಕ್ಕು ಲಂಬವಾಗಿರಲಿಲ್ಲ. ಅದನ್ನು ಯಾವ ಹೊಲಿಗೆಯೂ ತಿದ್ದದು. ಕತ್ತರಿಸುವ ಮೊದಲು ಒಂದು ಹೊಕ್ಕಿನ ಎಳೆಯನ್ನು ಅಂಚಿನಿಂದ ಅಂಚಿಗೆ ಎಳೆದು, ಆ ಗೆರೆ ಕರೆಗೆ 90 ಡಿಗ್ರಿ ಇದೆಯೇ ನೋಡಿ. ಇಲ್ಲದಿದ್ದರೆ ಒದ್ದೆ ಮಾಡಿ ಗಿಡ್ಡವಾದ ಕರ್ಣದ ದಿಕ್ಕಿಗೆ ಇಬ್ಬರು ಹಿಡಿದು ಎಳೆಯಿರಿ. ಹತ್ತಿ ಮಾತು ಕೇಳುತ್ತದೆ, ಪಾಲಿಯೆಸ್ಟರ್ ಬೆರಕೆ ಕೇಳುವುದಿಲ್ಲ.

ಬಿಚ್ಚುವ ಮುನ್ನ

ಬಿಚ್ಚಬೇಕು ಎಂದಾದರೆ ಬಿಚ್ಚುವ ಸಲಕರಣೆಯನ್ನು ಹೊಲಿಗೆಯ ಉದ್ದಕ್ಕೆ ಜಾರಿಸಿ ಓಡಿಸಬೇಡಿ. ವಾಯಿಲ್‌ನಲ್ಲಿ ಅದು ದಾರ ಯಾವುದು ಎಳೆ ಯಾವುದು ಎಂದು ಕೇಳುವುದಿಲ್ಲ. ಒಂದು ಮುಖದಲ್ಲಿ ನಾಲ್ಕೈದು ಹೊಲಿಗೆಗೊಮ್ಮೆ ದಾರ ಕತ್ತರಿಸುತ್ತಾ ಹೋಗಿ, ಆಮೇಲೆ ಇನ್ನೊಂದು ಮುಖದ ದಾರವನ್ನು ಹಿಡಿದೆತ್ತಿದರೆ ಇಡಿಯಾಗಿ ಬರುತ್ತದೆ. ಉಳಿದ ಸೂಜಿತೂತುಗಳ ಮೇಲೆ ನೀರು ಚಿಮುಕಿಸಿ, ಉಗುರಿನಿಂದ ಹಾಸಿನ ದಿಕ್ಕಿಗೂ ಹೊಕ್ಕಿನ ದಿಕ್ಕಿಗೂ ಮೆಲ್ಲಗೆ ಉಜ್ಜಿ, ಆವಿಯ ಇಸ್ತ್ರಿ ಇಡಿ. ಎಳೆ ಸರಿದಷ್ಟೇ ಆಗಿದ್ದರೆ ತೂತು ಮುಚ್ಚುತ್ತದೆ, ಎಳೆ ತುಂಡಾಗಿದ್ದರೆ ಮುಚ್ಚುವುದಿಲ್ಲ. ನನ್ನ ಆ ಮೊದಲ ಟಾಪ್‌ನಲ್ಲಿ 16ರ ಸೂಜಿಯ ತೂತುಗಳು ಮುಚ್ಚಲಿಲ್ಲ. ಪಕ್ಕವನ್ನು 1 ಸೆಂ.ಮೀ. ಒಳಕ್ಕೆ ಹೊಲಿದು ತೂತುಗಳನ್ನು ಮಾರ್ಜಿನ್‌ಗೆ ಸೇರಿಸಿದೆ. ತೋಳಸಂದಿನಲ್ಲಿ ಈಗಲೂ ಸ್ವಲ್ಪ ಹಿಡಿಯುತ್ತದೆ.